ಅಫೇಕ, ಅಂದರೆ ಬಿಟ್ಟೆ

ಅನುಮಾನ ಪಡುವುದೇ ನನ್ನ ಕೆಲಸವಾಗಿತ್ತು. ಕುಂದಾಪುರದ ಒಂದು ಸಣ್ಣ ಮುದ್ರಣಾಲಯದಲ್ಲಿ ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲ ಕರಡು ತಿದ್ದಿದ್ದೇನೆ. ಬರೇ ಹತ್ತನೇ ತರಗತಿ ಓದಿದವನಿಗೆ ಆ ಕೆಲಸ ಸಿಕ್ಕಿದ್ದು, ಕಣ್ಣೆದುರಿಗೆ ಅಚ್ಚಾದದ್ದನ್ನೂ ಸುಲಭಕ್ಕೆ ನಂಬುವ ಜನ ನಾನಲ್ಲ ಎಂಬ ಒಂದೇ ಕಾರಣಕ್ಕೆ. ಮದುವೆ ಕಾಗದದಲ್ಲಿ ವಾರ ಮತ್ತು ತಾರೀಕು ಹೊಂದಿಕೆಯಾಗುತ್ತದೋ ಎಂದು ಪಂಚಾಂಗ ತೆಗೆದು ನೋಡುತ್ತಿದ್ದೆ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕಾಗದದಲ್ಲಿ ಸತ್ತವರ ಹೆಸರಿನ ಜಾಗದಲ್ಲಿ ಬದುಕಿರುವ ಮಗನ ಹೆಸರು ಬಿದ್ದದ್ದನ್ನು ಹಿಡಿದವನೂ ನಾನೇ. ಕರಡು ತಿದ್ದುವವನಿಗೆ ಈ ಗುಣ ಇರಲೇಬೇಕು. ಸಂಜೆ ಮನೆಗೆ ಹೋಗುವಾಗ ಅಂಗಿಯಂತೆ ಅದನ್ನು ಕಳಚಿಡಲು ಬರದಿದ್ದರೆ ಏನಾಗುತ್ತದೆಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಹೆಂಡತಿಯನ್ನು ನಾನು ಬಿಟ್ಟೆ. ಅವಳೇ ನನ್ನನ್ನು ಬಿಟ್ಟು ಹೋದಳೆಂದು ಊರಿಗೆ ಹೇಳಿದೆ. ಆ ಒಂದು ಸುಳ್ಳು ಮಾತಿನ ಮೇಲೆ ಮೂವತ್ತೈದು ವರ್ಷ ಮರ್ಯಾದಸ್ಥನಾಗಿ ಬದುಕಿದೆ. ಅವಳು ಆ ಮೂವತ್ತೈದು ವರ್ಷವೂ ಗಂಡನನ್ನು ಬಿಟ್ಟು ಬಂದವಳಾಗಿ ಬದುಕಿದಳು.

ಇದನ್ನು ಈಗ ಬರೆಯುವಂತೆ ಮಾಡಿದ್ದು ಗ್ರೀಕ್ ಭಾಷೆಯ ಒಂದು ಕ್ರಿಯಾಪದ. ನಗಬೇಡಿ. ನನಗೂ ಮೊದಲು ನಗುವೇ ಬಂದಿತ್ತು.

ಮುದ್ರಣಾಲಯದ ಯಜಮಾನರು ತೀರಿಹೋದ ಮೇಲೆ ಅವರ ಮಗಳು ಅದನ್ನು ಕಂಪ್ಯೂಟರ್ ಇಟ್ಟು ನಡೆಸುತ್ತಿದ್ದಾಳೆ. ವಾರಕ್ಕೆ ಮೂರು ದಿನ ನಾನು ಕಡಲ ಬದಿಯ ಕೋಡಿಯಿಂದ ಹೋಗಿ ಕರಡು ನೋಡಿಕೊಡುತ್ತೇನೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬ್ರಹ್ಮಾವರದ ಒಬ್ಬ ನಿವೃತ್ತ ಮೇಷ್ಟ್ರ ಪುಸ್ತಕ ಬಂತು. ಹಳೆಯ ಗ್ರೀಕ್ ಭಾಷೆಯ ಕೆಲವು ಕ್ರಿಯಾಪದಗಳು, ಅವುಗಳ ರೂಪಗಳು, ಕನ್ನಡದಲ್ಲಿ ಅರ್ಥ. ಎಲ್ಲವೂ ಕನ್ನಡ ಅಕ್ಷರಗಳಲ್ಲಿಯೇ. ಮೇಷ್ಟ್ರು ಕ್ರೈಸ್ತರು, ಎಳೆಯ ವಯಸ್ಸಿನಲ್ಲಿ ಪಾದ್ರಿಯಾಗಲು ಹೋಗಿ ಎರಡು ವರ್ಷ ಓದಿ ವಾಪಸು ಬಂದವರು. ಈಗ ಭಾನುವಾರ ಮಧ್ಯಾಹ್ನ ತಮ್ಮ ಮನೆ ಜಗಲಿಯಲ್ಲಿ ಐದಾರು ಜನರಿಗೆ ಆ ಭಾಷೆ ಕಲಿಸುತ್ತಾರಂತೆ. ನಾನು ನಂಬಲಿಲ್ಲ. ಯಾರೂ ಮಾತಾಡದ ಭಾಷೆಯನ್ನು ಯಾರೂ ಸುಮ್ಮನೆ ಕಲಿಸುವುದಿಲ್ಲ, ಇದರ ಹಿಂದೆ ಏನೋ ಇದೆ ಎಂದುಕೊಂಡು ಒಂದೊಂದು ಪುಟವನ್ನೂ ಬೆಳಕಿಗೆ ಹಿಡಿದು ಓದಿದೆ.

ಒಂದು ಪುಟದಲ್ಲಿ 'ಅಫೀಯೇಮಿ' ಎಂಬ ಕ್ರಿಯಾಪದವಿತ್ತು. ಅರ್ಥ: ಬಿಡು. ಕೆಳಗೆ ಉದಾಹರಣೆ: 'ಮೀನುಗಾರರು ಬಲೆಗಳನ್ನು ಬಿಟ್ಟರು.' ನಾನು ಕೋಡಿಯವನು. ಬಲೆ ಬಿಡುವುದೆಂದರೆ ನಮ್ಮಲ್ಲಿ ಮೀನು ಹಿಡಿಯಲು ಬಲೆಯನ್ನು ಕಡಲಿಗೆ ಇಳಿಸುವುದು. ಘಟ್ಟದ ಮೇಲಿನವರಿಗೆ ಈ ಮಾತು ತಿಳಿಯಲಿಕ್ಕಿಲ್ಲ ಎಂದು 'ಮೀನುಗಾರರು ಬಲೆಗಳನ್ನು ನೀರಿಗೆ ಹಾಕಿದರು' ಎಂದು ಕೆಂಪು ಶಾಯಿಯಲ್ಲಿ ತಿದ್ದಿದೆ. ಒಳ್ಳೆಯ ತಿದ್ದುಪಡಿ ಎಂದು ನನ್ನಷ್ಟಕ್ಕೆ ಬೀಗಿದೆ ಕೂಡ.

ಎರಡು ದಿನ ಕಳೆದು ಮೇಷ್ಟ್ರು ಸ್ವತಃ ಬಂದರು. ತೆಳ್ಳಗೆ, ಎತ್ತರಕ್ಕೆ, ಬಿಳಿ ಮುಂಡು, ಕೈಯಲ್ಲಿ ಸುರುಳಿ ಸುತ್ತಿದ ಕರಡು. ಬಾಗಿಲಲ್ಲೇ ಶುರು ಮಾಡಿದರು.

"ಹ್ವಾಯ್, ನನ್ ಮೀನುಗಾರ್ರನ್ನ ಕಡ್ಲಿಗ್ ಇಳ್ಸಿದ್ದ್ ಯಾರ್ ಮಾರಾಯ್ರೆ?"

"ನಾನೇ," ಎಂದೆ. "ಎಂತ ತಪ್ಪಾಯ್ತಾ?"

"ಅವ್ರ್ ಬಲೆ ಬಿಟ್ಟ್ ಮನಿಗ್ ಹೊರ್ಟವ್ರ್. ಇನ್ ಮೀನ್ ಹಿಡುಕಿಲ್ಲೆ ಅಂದೇಳಿ ಎದ್ದ್ ಹೋದವ್ರ್. ನೀವ್ ಅವ್ರನ್ನ ಹಿಡ್ದ್ ಪುನಃ ಕೆಲ್ಸಕ್ ಹಚ್ಚಿದ್ರಿ!"

"ಕೋಡಿಯಂಗೆ ಬಲೆ ಬಿಟ್ರೆ ಮೀನ್ ಬತ್ತ್," ಎಂದು ನಾನು ವಾದಿಸಿದೆ.

"ಗ್ರೀಕ್‌ನಂಗೆ ಬಲೆ ಬಿಟ್ರೆ ಮೀನಿಗೆ ಆಯುಸ್ಸ್ ಬತ್ತ್!"

ಯಜಮಾನರ ಮಗಳು ಕಂಪ್ಯೂಟರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ನನಗೆ ಸಿಟ್ಟು ಬಂದರೂ ಮೇಷ್ಟ್ರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಅಲ್ಲೇ ಕುರ್ಚಿ ಎಳೆದು ಕೂತು, ಆ ಒಂದು ಶಬ್ದವನ್ನು ನನಗೆ ಬಿಡಿಸಿ ಹೇಳಿದರು. 'ಅಪೋ' ಎಂದರೆ ಆಚೆಗೆ, ದೂರಕ್ಕೆ. 'ಹೀಯೇಮಿ' ಎಂದರೆ ಕಳಿಸುತ್ತೇನೆ. ಎರಡೂ ಕೂಡಿದಾಗ ಮೊದಲಿನದರ 'ಓ' ಬಿದ್ದುಹೋಗಿ, ಪಕಾರಕ್ಕೆ ಹಕಾರ ತಾಗಿ ಉಸಿರು ಸೇರಿ 'ಅಫೀಯೇಮಿ.'

"ಇದ್ ನಮ್ಮ ಲೋಪಸಂಧಿ ಅಲ್ದಾ?" ಎಂದೆ. ಹೈಸ್ಕೂಲಿನ ವ್ಯಾಕರಣ ನನಗೆ ಇನ್ನೂ ಮರೆತಿರಲಿಲ್ಲ.

ಮೇಷ್ಟ್ರು ಖುಷಿಯಾದರು. ಆಮೇಲೆ ಒಂದು ಸಂಗತಿ ತೋರಿಸಿದರು. ಆ ಭಾಷೆಯಲ್ಲಿ ಭೂತಕಾಲಕ್ಕೆ ಸಾಮಾನ್ಯವಾಗಿ ಸಕಾರ ಸೇರುತ್ತದೆ. ಮೂರೇ ಮೂರು ಕ್ರಿಯಾಪದಗಳು ಹಟಮಾರಿಗಳಂತೆ ಸಕಾರ ಒಲ್ಲದೆ ಕಕಾರ ಹಾಕಿಕೊಳ್ಳುತ್ತವೆ. ಅವುಗಳ ಅರ್ಥ ಕೊಡು, ಇಡು, ಬಿಡು. "ಈಗ ಕನ್ನಡದಂಗೆ ಹೇಳಿ ಕಾಂಬ," ಎಂದರು.

"ಕೊಟ್ಟೆ, ಇಟ್ಟೆ, ಬಿಟ್ಟೆ," ಎಂದೆ.

"ಮಾಡಿದೆ, ಓದಿದೆ ಅಂದ ಹಾಂಗೆ ಕೊಡಿದೆ, ಇಡಿದೆ, ಬಿಡಿದೆ ಅಂತ ಹೇಳ್ತ್ರಿಯಾ? ಇಲ್ಲೆ. ಅಲ್ಲೂ ಈ ಮೂರೇ ಗುಂಪ್ ಕಟ್ಟಿದ್ದ್, ಇಲ್ಲೂ ಈ ಮೂರ್ ಒಟ್ಟಿಗೇ ಇತ್ತ್."

"ಸುಡು ಇತ್ತಲೆ, ಸುಟ್ಟೆ. ನೆಡು, ನೆಟ್ಟೆ," ಎಂದು ನಾನು ಕೊಂಕು ತೆಗೆದೆ.

"ನಿಮ್ಮತ್ರ ಮಾತಾಡಿ ಗೆಲ್ಲುಕಾತಿಲ್ಲೆ," ಎಂದು ಮೇಷ್ಟ್ರು ಎದ್ದರು. ಹೋಗುವಾಗ ನಾನು ಕೇಳಿದೆ, ಈ ಪ್ರಾಯದಲ್ಲಿ ಈ ಭಾಷೆ ಎಂತಕ್ಕೆ ಎಂದು. "ಹೆಂಡ್ತಿ ಹೋಯ್ತಲೆ. ಮತ್ತೆ ಮಧ್ಯಾಹ್ನ ಉದ್ದ ಆಯ್ತ್," ಎಂದರು. ನಮ್ಮ ಕಡೆ ಹೆಂಗಸರಿಗೆ 'ಅದು' ಎಂದೇ ಹೇಳುವುದು, ಅದರಲ್ಲಿ ತಪ್ಪಿಲ್ಲ; ಆದರೆ 'ಹೋಯ್ತು' ಎಂಬ ಶಬ್ದದ ಮೇಲೆ ನನ್ನ ಕಿವಿ ನಿಂತಿತು. ಸತ್ತದ್ದೋ, ಹೋದದ್ದೋ? ಅವರು ಮೆಟ್ಟಿಲಿಳಿದ ಮೇಲೆ ಯಜಮಾನರ ಮಗಳನ್ನು ವಿಚಾರಿಸಿದೆ. ತೀರಿಕೊಂಡದ್ದಂತೆ, ಎರಡು ವರ್ಷವಾಯಿತಂತೆ. ಆಗ ನನಗೆ ಸಮಾಧಾನವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ.

ಎರಡನೆಯ ಕರಡು ಮುಂದಿನ ವಾರ ಬಂತು. ಅಫೀಯೇಮಿಯ ಪುಟ ಈಗ ದೊಡ್ಡದಾಗಿತ್ತು. ಮೇಷ್ಟ್ರು ನನ್ನ ತಪ್ಪಿನಿಂದ ಪಾಠ ಕಲಿತವರಂತೆ ಎಲ್ಲ ಅರ್ಥಗಳನ್ನೂ ಬಿಡಿಬಿಡಿಯಾಗಿ ಕೊಟ್ಟಿದ್ದರು. ಬಾಣ ಬಿಟ್ಟನು. ಜ್ವರ ಬಿಟ್ಟಿತು. ಪ್ರಾಣ ಬಿಟ್ಟನು. ಒಳಗೆ ಬರಲು ಬಿಟ್ಟರು. ಹೀಗೆ ಕನ್ನಡದ ಬಿಡು ಹೋದಲ್ಲೆಲ್ಲ ಆ ಶಬ್ದವೂ ಹೋಗುತ್ತಿತ್ತು. ಐದನೆಯದು: ಗಂಡನು ಹೆಂಡತಿಯನ್ನು ಬಿಟ್ಟನು. ಆರನೆಯದು: ತಪ್ಪನ್ನು ಕ್ಷಮಿಸಿ ಬಿಟ್ಟರು.

ಐದನೆಯ ಸಾಲಿನ ಮೇಲೆ ನನ್ನ ಪೆನ್ನು ನಿಂತುಬಿಟ್ಟಿತು. ಯಾರು ಹೇಳಿದರು ಇವರಿಗೆ? ಮೊದಲ ಕರಡಿನಲ್ಲಿ ಇಲ್ಲದ ಸಾಲು ನನ್ನನ್ನು ನೋಡಿ ಹೋದ ಮೇಲೆ ಹೇಗೆ ಬಂತು? ನನ್ನ ಹೆಂಡತಿಯ ತೌರಿನ ಬೈಂದೂರು ಕಡೆಯವರು ಯಾರಾದರೂ ಇವರ ಜಗಲಿಯಲ್ಲಿ ಕೂತು ಕಲಿಯುತ್ತಾರೋ? ಅವಳೇ ಕಳಿಸಿದಳೋ? ಅಷ್ಟು ಸಾಲದೆಂಬಂತೆ ಕೆಳಗಿನ ಪಟ್ಟಿಯಲ್ಲಿ ಒಂದು ಅಚ್ಚಿನ ತಪ್ಪು ಕಂಡಿತು. ಆ ಭಾಷೆಯಲ್ಲೂ ನಮ್ಮಂತೆಯೇ ಕ್ರಿಯಾಪದದ ಕೊನೆಯಲ್ಲಿ ಕರ್ತೃ ಇರುತ್ತಾನೆ. 'ಅಫೇಕ' ಎಂದರೆ ನಾನು ಬಿಟ್ಟೆ. 'ಅಫೇಕೆ' ಎಂದರೆ ಅವನು ಬಿಟ್ಟನು ಅಥವಾ ಅವಳು ಬಿಟ್ಟಳು. 'ನಾನು' ಎಂಬುದರ ಎದುರಿಗೆ ಕಂಪ್ಯೂಟರಿನ ಕೈತಪ್ಪಿ 'ಅಫೇಕೆ' ಬಿದ್ದಿತ್ತು. ಒಂದು ಎತ್ವ, ಅಷ್ಟೇ. ಆ ಒಂದು ಎತ್ವದಿಂದ ಮಾಡಿದವನು ಮಾಯವಾಗಿ, ಮಾಡಿದ್ದು ಇನ್ನೊಬ್ಬರ ತಲೆಗೆ ಹೋಗುತ್ತಿತ್ತು.

ನನ್ನ ಬದುಕಿನಲ್ಲಿ ಆ ಎತ್ವ ಹಾಕಿದವನು ನಾನೇ.

ಮದುವೆಯಾಗಿ ಮೂರು ವರ್ಷವಾಗಿತ್ತು. ಅವಳ ತೌರು ಬೈಂದೂರಿನ ಹತ್ತಿರದ ಉಪ್ಪುಂದ. ಪ್ರತಿ ಶನಿವಾರ ತರಕಾರಿಗೆಂದು ಕುಂದಾಪುರಕ್ಕೆ ಬರುತ್ತಿದ್ದಳು. ಒಂದು ಶನಿವಾರ ಚಾ ಕುಡಿಯಲು ಹೊರಗೆ ಬಂದವನು ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ಬೈಂದೂರು ಬಸ್ಸಿನ ಕಂಡಕ್ಟರನೊಟ್ಟಿಗೆ ಮಾತಾಡುತ್ತಿದ್ದಳು. ಬಟ್ಟೆಯಲ್ಲಿ ಸುತ್ತಿದ ಏನನ್ನೋ ಅವನ ಕೈಗಿತ್ತಳು. ಅವನು ಏನೋ ಹೇಳಿದ, ಅವಳು ನಕ್ಕಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಎರಡು ಶನಿವಾರ ಬೀಡಾ ಅಂಗಡಿಯ ಮರೆಯಲ್ಲಿ ನಿಂತು ಕಾದೆ. ಎರಡು ಸಲವೂ ಅದೇ ಬಸ್ಸು, ಅದೇ ಕಂಡಕ್ಟರ್, ಅದೇ ಗಂಟು. ಮೂರನೆಯ ಶನಿವಾರ ಸಂಜೆ ಕೇಳಿದೆ, "ಇವತ್ ಪೇಟೆಯಂಗೆ ಯಾರ್ ಸಿಕ್ಕಿದ್ರ್?" ಅವಳು ಒಂದು ಕ್ಷಣ ತಡೆದು, "ಯಾರೂ ಇಲ್ಲೆ," ಎಂದಳು.

ಆ ಒಂದು ಕ್ಷಣ ನನಗೆ ಸಾಕ್ಷಿಯಾಯಿತು. ಮಾರನೇ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಿ ಅದೇ ಬಸ್ಸಿಗೆ ಹತ್ತಿಸಿ, "ನಿನ್ ಅಣ್ಣ ಬಂದ್ ನನ್ನತ್ರ ಮಾತಾಡುವರಿಗೆ ಬರುದ್ ಬೇಡ," ಎಂದೆ. ಕಿಟಕಿಯ ಹತ್ತಿರ ಕೂತು ಸರಳು ಹಿಡಿದುಕೊಂಡಳು. ಅವಳ ಅಣ್ಣ ಬರಲಿಲ್ಲ. ಎಂತಕ್ಕೆ ಕಳಿಸಿದೆನೆಂದು ಅವರಿಗೂ ತಿಳಿದಿರಲಿಕ್ಕಿಲ್ಲ. ನಾನು ಹೋಗಲಿಲ್ಲ. ವಾರ ಕಳೆದು ನೆರೆಯ ಗೆಳೆಯನೊಬ್ಬ "ಹೆಂಡ್ತಿ ಎಲ್ಲಿ?" ಎಂದಾಗ ನನ್ನ ಬಾಯಿಂದ "ಬಿಟ್ ಹೋಯ್ತ್" ಎಂದು ಬಂತು. ಕೇಳಿದ್ದಕ್ಕೆ ಏನಾದರೂ ಹೇಳಬೇಕಿತ್ತು, ಹೇಳಿದೆ. ಆಮೇಲೆ ಅಕ್ಕನಿಗೆ ಅದನ್ನೇ ಹೇಳಿದೆ. ಪ್ರೆಸ್ಸಿನ ಯಜಮಾನರಿಗೆ ಹೇಳಿದೆ. ಉಳಿದದ್ದನ್ನು ಊರು ನೋಡಿಕೊಂಡಿತು.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ತಪ್ಪೆನ್ನಬಹುದಿತ್ತು. ಆದರೆ ವರ್ಷ ತುಂಬುವುದರೊಳಗೆ ಆ ಕಂಡಕ್ಟರ್ ತಂಗಿಯ ಮದುವೆ ಕಾಗದ ಅಚ್ಚು ಹಾಕಿಸಲು ನಮ್ಮಲ್ಲಿಗೆ ಬಂದ. ನನ್ನನ್ನು ಕಂಡು ಗುರುತು ಹಿಡಿದು, "ಅಣ್ಣಾ, ನಿಮ್ಮತ್ತೆ ಕಾಲ್ ಪುನಃ ಬಿಗ್ದಿತ್ ಅಂಬ್ರ್. ಅಕ್ಕ ವಾರ ವಾರ ಇಲ್ಲಿಂದ ಎಣ್ಣೆ ಬಾಟ್ಲಿ ಕಳ್ಸ್ತಿದ್ದಿತ್ತಲೆ, ಈಗ ಅದೂ ಅಲ್ಲೇ ಇತ್ತ್. ಪಂಡಿತ್ರ ಎಣ್ಣೆ ಉಪ್ಪುಂದದಂಗೆ ಎಲ್ ಸಿಕ್ತ್? ನೀವಾರೂ ತಂದ್ ಕೊಡಿ, ನಾನ್ ಮುಟ್ಸ್ತೆ," ಎಂದ.

ಎಣ್ಣೆ ಬಾಟ್ಲಿ. ಬಟ್ಟೆಯ ಗಂಟಿನಲ್ಲಿ ನನ್ನ ಹೆಂಡತಿ ತನ್ನ ಅಮ್ಮನಿಗೆ ಕಳಿಸುತ್ತಿದ್ದದ್ದು ಅದು. ಮದುವೆಯಾದ ಹೊಸತರಲ್ಲಿ, ಅವಳು ತೌರಿಗೆ ನಾಲ್ಕು ಒಣಮೀನು ಕಟ್ಟಿಕೊಂಡು ಹೊರಟಾಗ, "ನನ್ ಮನಿದೆಲ್ಲ ಅಲ್ಲಿಗೇ ಹೊರು" ಎಂದಿದ್ದೆ. ಅದಕ್ಕೇ ಅವಳು ಎಣ್ಣೆಯನ್ನು ಅಡಗಿಸಿದಳು. ಅಡಗಿಸಿದ್ದನ್ನು ನಾನು ಬೇರೆಯೇ ಓದಿದೆ. ಆ ದಿನ ಕಂಡಕ್ಟರನಿಗೆ "ಕಾಂಬ" ಎಂದಷ್ಟೇ ಹೇಳಿ, ಅವನ ತಂಗಿಯ ಮದುವೆ ಕಾಗದವನ್ನು ಒಂದೂ ತಪ್ಪಿಲ್ಲದಂತೆ ತಿದ್ದಿಕೊಟ್ಟೆ. ಎಣ್ಣೆ ಕಳಿಸಲಿಲ್ಲ. ಅವಳನ್ನು ಕರೆತರಲೂ ಹೋಗಲಿಲ್ಲ. ಹೋದರೆ ಊರಿಗೆ ಹೇಳಿದ್ದು ಸುಳ್ಳಾಗುತ್ತಿತ್ತು. ಹೀಗೆ ಮೂವತ್ತನಾಲ್ಕು ವರ್ಷ ಗೊತ್ತಿದ್ದೇ ಕಳೆದೆ.

ಕರಡಿಗೆ ಮರಳುತ್ತೇನೆ. ಐದನೆಯ ಸಾಲಿನ ಪಕ್ಕದಲ್ಲಿ 'ಬೇರೆ ಉದಾಹರಣೆ ಕೊಡಬಹುದೇ?' ಎಂದು ಬರೆದೆ. ಬರೆದು ಸುಮ್ಮನಿರಲಾಗಲಿಲ್ಲ. ಮೇಷ್ಟ್ರಿಗೆ ಎಷ್ಟು ಗೊತ್ತು, ಯಾರಿಂದ ಗೊತ್ತು ಎಂದು ತಿಳಿಯಬೇಕಿತ್ತು. ಕರಡನ್ನು ನಾನೇ ಕೊಟ್ಟುಬರುತ್ತೇನೆಂದು ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ.

ಜಗಲಿಯಲ್ಲಿ ಒಂದು ಕಪ್ಪು ಹಲಗೆ, ಆರು ಪ್ಲಾಸ್ಟಿಕ್ ಕುರ್ಚಿ. ಯಾರು ಯಾರು ಕೂರುತ್ತಾರೆಂದು ಚಾ ಕುಡಿಯುತ್ತ ಒಂದೊಂದಾಗಿ ಕೇಳಿದೆ. ಇಬ್ಬರು ನಿವೃತ್ತ ನರ್ಸಮ್ಮಂದಿರು, ಇಬ್ಬರು ಬ್ಯಾಂಕಿನಲ್ಲಿದ್ದವರು, ಒಬ್ಬರು ಮೇಷ್ಟ್ರ ಷಡ್ಡಕ. ಎಲ್ಲರೂ ಬ್ರಹ್ಮಾವರದವರೇ.

"ಬೈಂದೂರ್ ಬದಿಯವ್ರ್ ಯಾರೂ ಇಲ್ಯಾ?"

"ಬೈಂದೂರಿಂದ ಗ್ರೀಕ್ ಕಲೂಕೆ ಇಲ್ಲಿವರಿಗ್ ಯಾರ್ ಬತ್ರ್ ಮಾರಾಯ್ರೆ? ಅದಿರ್ಲಿ, ಐದ್ನೇ ಸಾಲಿಗೆ ಎಂತ ಆಯ್ತ್?"

"ಗಂಡ ಬಿಟ್ಟ ಅಂತ ಇತ್ತಲೆ. ಓದ್ರೆ ಚಂದ ಕಾಣ್ತಿಲ್ಲೆ. 'ಹೆಂಡತಿಯು ಬಿಡಲ್ಪಟ್ಟಳು' ಅಂತ ಮಾಡುವ. ಕರ್ಮಣಿ ಪ್ರಯೋಗ. ನಿಮ್ಮ ಪಟ್ಟಿಯಂಗೂ ಇತ್ತಲೆ ಅದ್, ಅಫೇಥೇ."

ಮೇಷ್ಟ್ರು ಕನ್ನಡಕ ತೆಗೆದು ಮುಂಡಿನ ಅಂಚಿನಲ್ಲಿ ಒರೆಸಿದರು. "ಇತ್ತ್. ಆದ್ರೆ ಹಾಂಗ್ ಬರ್ದ್ರೆ ಬಿಟ್ಟವ ಯಾರಂತ ಎಲ್ಲಿತ್ತ್? ಅವ ತಪ್ಸ್ಕಂಡ ಅಲ್ದಾ?"

ನನಗೆ ತಡೆಯಲಾಗಲಿಲ್ಲ. "ನಿಮ್ಗ್ ಇದೆಲ್ಲ ಯಾರ್ ಹೇಳಿದ್ದ್? ಅದೇ ಹೇಳಿ ಕಳ್ಸಿತಾ?" ಎಂದೆ. ಸ್ವರ ಏರಿತ್ತು.

"ಎಂತ ಹೇಳುದ್? ಯಾರ್?"

ಅವರ ಮುಖದಲ್ಲಿ ನಿಜವಾದ ಗಲಿಬಿಲಿಯಿತ್ತು. ಆ ಮುಖವನ್ನೂ ನಾನು ಕರಡಿನಂತೆ ಮೇಲಿಂದ ಕೆಳಗೆ ಓದಿದೆ. ತಪ್ಪು ಸಿಗಲಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ, ಮತ್ತು ಈಗಷ್ಟೇ ಅದನ್ನು ಬಾಯಿಬಿಟ್ಟು ಹೇಳಿದ್ದೆ. ಇನ್ನು ಮುಚ್ಚಿ ಪ್ರಯೋಜನವಿರಲಿಲ್ಲ. ಶನಿವಾರ, ಬಸ್ಸು, ಎಣ್ಣೆ ಬಾಟ್ಲಿ ಎಲ್ಲವನ್ನೂ ಹೇಳಿದೆ. ಚಾ ಆರಿತು.

ಮೇಷ್ಟ್ರು ಉಪದೇಶ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ನಾನೇ ಕೇಳಿದೆ, ಹೆಂಡತಿಯನ್ನು ಬಿಡುವುದಕ್ಕೂ ತಪ್ಪನ್ನು ಕ್ಷಮಿಸುವುದಕ್ಕೂ ಒಂದೇ ಶಬ್ದವಾದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ ಎಂದು.

"ಆಚೆ ಈಚೆ ಇಪ್ಪ ಶಬ್ದ ಕಂಡ್. ಯಾರ್ ಯಾರಿಗ್ ಹೇಳ್ತಾ ಇದ್ರ್ ಅಂತ ಕಂಡ್," ಎಂದರು. ಆರಿದ ಚಾದ ಲೋಟ ಬದಿಗೆ ಸರಿಸಿ, "ಅದ್ ಈಗ್ಲೂ ಬದ್ಕಿತ್ತಾ?" ಎಂದು ಕೇಳಿದರು.

"ಇತ್ತ್. ಬೈಂದೂರ್ ಪೇಟೆಯಂಗೆ ಮೀನ್ ಮಾರ್ತ್ ಅಂಬ್ರ್."

"ಹಂಗಾರೆ ನನ್ನತ್ರ ಎಂತಕ್ ಕೇಣ್ತ್ರಿ?"

ಅದರ ಮುಂದಿನ ಮಂಗಳವಾರ ಹೋದೆ. ಬಸ್ಸಿನಲ್ಲಿ ಇಡೀ ದಾರಿ ಹೇಳಬೇಕಾದ ವಾಕ್ಯವನ್ನು ತಿದ್ದುತ್ತಿದ್ದೆ. ಮರವಂತೆಯಲ್ಲಿ ಕಡಲು ಒಂದು ಬದಿ, ಹೊಳೆ ಇನ್ನೊಂದು ಬದಿ ಬಂದಾಗಲೂ ತಲೆಯೆತ್ತಲಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಅವಳನ್ನು ಹುಡುಕಬೇಕಾಗಲಿಲ್ಲ. ಸ್ವರ ಮೊದಲು ಕೇಳಿತು.

"ಮುಟ್ಟಿ ಮುಟ್ಟಿ ಬಂಗ್ಡಿ ಪ್ರಾಣ ಎರಡ್ನೇ ಸಲ ತೆಗೀಬೇಡಿ! ತಕಂಬುದಾರೆ ತಕಣಿ!"

ಗಿರಾಕಿ ನಗುತ್ತ ಚೀಲ ಒಡ್ಡಿದ. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಮಾತ್ರ ಅದೇ ಕೈ. ನಾನು ಎದುರಿಗೆ ನಿಂತೆ. ಅವಳು ತಲೆಯೆತ್ತಿ ನೋಡಿದಳು, ಮತ್ತೆ ಕತ್ತಿಯನ್ನು ನೋಡಿದಳು.

"ಎಂತ ಬೇಕಿತ್?"

"ನಾನ್," ಎಂದೆ.

"ಕಂಡಿತ್. ಕಣ್ ಸರಿ ಇತ್ತ್ ನಂಗೆ. ಎಂತ ಬೇಕಿತ್?"

ದಾರಿಯಲ್ಲಿ ತಿದ್ದಿದ ವಾಕ್ಯವನ್ನು ಅಲ್ಲೇ ಕೈಬಿಟ್ಟೆ. "ನಿನ್ನನ್ನ ಬಿಟ್ಟದ್ದ್ ನಾನ್," ಎಂದೆ. "ನೀನ್ ಬಿಟ್ಟ್ ಹೋದ್ದಲ್ಲ. ಎಣ್ಣೆ ಬಾಟ್ಲಿ ಸಂಗ್ತಿ ನಂಗೆ ಆ ವರ್ಷವೇ ಗೊತ್ತಾಯ್ತ್. ಗೊತ್ತಿದ್ದೂ ಬರ್ಲಿಲ್ಲ."

ಪಕ್ಕದ ಹೆಂಗಸು ಮೀನು ಕೊಯ್ಯುವುದನ್ನು ನಿಲ್ಲಿಸಿದಳು. ಇವಳು ನಿಲ್ಲಿಸಲಿಲ್ಲ. ಒಂದು ಬಂಗಡೆಯ ತಲೆ ತೆಗೆದಳು, ಇನ್ನೊಂದರದು ತೆಗೆದಳು.

"ಕಂಡಕ್ಟ್ರ್ ನಿಮ್ಗ್ ಹೇಳಿದ್ದೆ ಅಂತ ಆಗ್ಳೇ ನಂಗ್ ಹೇಳಿದ್ದ," ಎಂದಳು. "ನೀವ್ ಬತ್ರಿ ಅಂದೇಳಿ ಆ ದಿನ ಸಂಜಿವರಿಗೆ ಬಸ್ಸ್ ಕಾಯ್ತಾ ಕೂತಿದ್ದೆ. ಮಾರ್ನೇ ದಿನವೂ ಕೂತಿದ್ದೆ. ಮತ್ತೆ ಮೀನ್ ಬುಟ್ಟಿ ತಕಂಡೆ."

ನನಗೆ ಅದು ಗೊತ್ತಿರಲಿಲ್ಲ.

"ಈಗ ನಂಗ್ ಎಂತಕ್ ಹೇಳುದ್ ನೀವ್? ಬಿಟ್ಟದ್ದ್ ಯಾರಂತ ನಂಗ್ ಗೊತ್ತಿಲ್ಯಾ? ಗೊತ್ತಿಲ್ದವ್ರಿಗ್ ಹೇಳಿ. ನೀವ್ ಯಾರತ್ರ ಹೇಳ್ಕಂಡ್ ಬಂದ್ರಿ, ಅವ್ರತ್ರ ಹೇಳಿ. ನನ್ನಮ್ಮ ಸಾಯುವರಿಗೆ ಮದಿ ಮನಿಯಂಗೆ ನನ್ನನ್ನ ಹಿಂದ್ ಕೂರ್ಸಿತ್. ಗಂಡನ್ ಬಿಟ್ಟದ್ದ್ ಮುಂದ್ ಬಂದ್ರೆ ಆತಿಲ್ಲೆ ಅಂದೇಳಿ."

"ಹೇಳ್ತೆ."

"ನೀವ್ ಹೇಳ್ತೆ ಅಂದ್ರೆ ನಾನ್ ನಂಬುದಿಲ್ಲ. ಅವ್ರ್ ನಂಗ್ ಫೋನ್ ಮಾಡಿ ಹೇಳ್ಲಿ, ಅವ ಬಂದ್ ಹೇಳಿದ ಅಂತ. ಒಬ್ರಾದ್ರೂ ಸಾಕ್." ಪಕ್ಕದವಳ ಹತ್ತಿರ ಪೆನ್ನು ಕೇಳಿ, ಮೀನು ಕಟ್ಟುವ ಕಾಗದದ ಚೂರಿನಲ್ಲಿ ನಂಬರು ಬರೆದುಕೊಟ್ಟಳು. "ಈಗ ಬದಿಗ್ ನಿಲ್ಲಿ. ಗಿರಾಕಿಗ್ ಅಡ್ಡ ಆತ್ತ್."

ನಂಬದೇ ಇರುವುದನ್ನು ಅವಳು ನನ್ನಿಂದಲೇ ಕಲಿತಿರಬೇಕು. ವಾಪಸು ಬರುವಾಗ ನಾನೂ ಅನುಮಾನಪಟ್ಟೆ: ಇದು ಹಗೆ ತೀರಿಸುವ ಉಪಾಯವೋ? ನಾನು ಸುಳ್ಳು ಹೇಳಿದ ಮೂವರಲ್ಲಿ ಎಷ್ಟು ಜನ ಉಳಿದಿದ್ದಾರೆಂದು ಅವಳಿಗೆ ಗೊತ್ತಿದೆಯೋ? ಯಜಮಾನರು ಇಲ್ಲ. ಉಳಿದದ್ದು ಅಕ್ಕ ಮತ್ತು ಆ ಗೆಳೆಯ.

ಅಕ್ಕ ಕೋಡಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ. ಅಂಗಳದಲ್ಲಿ ಕಾಲು ಚಾಚಿ ಕೂತವಳ ಎದುರಿಗೆ ನಿಂತು ಹೇಳಿದೆ. ಅವಳು ಎಲೆಗೆ ಸುಣ್ಣ ಹಚ್ಚುವುದನ್ನು ಮುಗಿಸಿ, "ನಂಗೆ ಆಗ್ಳೇ ಗೊತ್ತಿತ್," ಎಂದಳು.

"ಎಂತ ಗೊತ್ತಿತ್?"

"ಬಿಟ್ಟ್ ಹೋಪ ಹೆಣ್ಣ್ ಪೆಟ್ಟಿಗಿ ತಕಂಡ್ ಹೋತಿಲ್ಯಾ? ಅದ್ರ ಸೀರಿ ಎಲ್ಲ ನಿನ್ ಮನಿಯಂಗೇ ಇದ್ದಿತ್ತ್."

"ಮತ್ತೆ ಊರಿಗೆಲ್ಲ ಅದೇ ಬಿಟ್ಟ್ ಹೋಯ್ತ್ ಅಂತ ಹೇಳಿದ್ಯಲೆ?"

"ನೀನ್ ನನ್ ತಮ್ಮ ಅಲ್ದಾ ಮಗಾ," ಎಂದಳು, ಬಹಳ ಪ್ರೀತಿಯಿಂದ. ಫೋನ್ ಮಾಡು ಎಂದಾಗ ಮಾತ್ರ ಮುಖ ತಿರುಗಿಸಿದಳು. "ಈ ಪ್ರಾಯದಂಗೆ ನಾನ್ ಅದ್ರತ್ರ ಎಂತ ಅಂತ ಮಾತಾಡುದ್? ನೀನೇ ಹೇಳ್, ಅಕ್ಕಂಗ್ ಹೇಳಿದ್ದೆ ಅಂದೇಳಿ."

ನಾನು ಹೇಳಿದರೆ ನಂಬುವುದಿಲ್ಲವೆಂದೇ ನನ್ನ ಹೆಂಡತಿ ಹೇಳಿದ್ದು. ಇನ್ನು ಒಬ್ಬನೇ ಇದ್ದ.

ಆ ಗೆಳೆಯ ಕೋಡಿ ಬಿಟ್ಟು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸಕ್ಕೆ ಸೇರಿ ಅಲ್ಲೇ ನಿಂತವನು. ಭೇಟಿಯಾಗಿ ಹತ್ತು ವರ್ಷವಾಗಿತ್ತು. ಹೋದಾಗ ಹೊಳೆಬದಿಯಲ್ಲಿ ಅರ್ಧ ಕಟ್ಟಿದ ದೋಣಿಯ ನೆರಳಲ್ಲಿ ಹಲಗೆಯೊಂದಕ್ಕೆ ಗೆರೆ ಎಳೆಯುತ್ತಿದ್ದ. ಮಗನೇ ಕೆಲಸ ನೋಡಿಕೊಳ್ಳುವುದಂತೆ, ಇವನು ಗೆರೆ ಮಾತ್ರ ಎಳೆಯುವುದಂತೆ. ಸಂತೋಷಪಟ್ಟ, ಎಳನೀರು ತರಿಸಿದ. ನಾನು ಕುಡಿಯುವ ಮೊದಲೇ ಹೇಳಿದೆ.

"ನನ್ ಹೆಂಡ್ತಿ ಬಿಟ್ಟ್ ಹೋಯ್ತ್ ಅಂತ ನಿನ್ನತ್ರ ಹೇಳಿದ್ದೆ ಅಲ್ದಾ? ಅದ್ ಸುಳ್. ಬಿಟ್ಟದ್ದ್ ನಾನ್."

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ. "ಯಾವಾಗ?"

"ಎಂತ ಯಾವಾಗ?"

"ನೀನ್ ನನ್ನತ್ರ ಹೇಳಿದ್ದ್ ಯಾವಾಗ? ನಂಗ್ ನೆನಪೇ ಇಲ್ಲೆ ಮಾರಾಯ. ನಿನ್ ಹೆಂಡ್ತಿ ಸತ್ತ್ ಹೋದ್ದ್ ಅಂತ ನಾನ್ ಅಂದ್ಕಂಡದ್ದ್."

ನಾನು ಎಳನೀರು ಹಿಡಿದುಕೊಂಡು ಅವನನ್ನೇ ನೋಡಿದೆ. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೋ ಎಂದು ಹುಡುಕಿದೆ. ಇಲ್ಲ. ಅವನಿಗೆ ನಿಜಕ್ಕೂ ಮರೆತಿತ್ತು. ಅವಳನ್ನು ಮದುವೆ ಮನೆಗಳಲ್ಲಿ ಹಿಂದೆ ಕೂರಿಸಿದ ಮಾತನ್ನು ಮೊದಲು ಕೇಳಿದವನಿಗೆ ಆ ಮಾತಿನ ಒಂದಕ್ಷರವೂ ನೆನಪಿರಲಿಲ್ಲ. ಮರೆತವನ ಎದುರಿಗೆ ಸುಳ್ಳನ್ನು ಹಿಂದಕ್ಕೆ ಪಡೆಯುವುದು ಹೇಗೆ? ಮೊದಲು ಆ ಸುಳ್ಳನ್ನು ಅವನಿಗೆ ಇನ್ನೊಮ್ಮೆ ಹೇಳಬೇಕಾಯಿತು. ನಾನು ಏನು ಹೇಳಿದ್ದೆ, ಎಲ್ಲಿ ನಿಂತು ಹೇಳಿದ್ದೆ, ಅವನು "ಹೋಪದ್ ಹೋಯ್ಲಿ ಬಿಡ್" ಎಂದು ಹೇಗೆ ನನ್ನ ಹೆಗಲು ತಟ್ಟಿದ್ದ, ಎಲ್ಲ. ಆಮೇಲೆ ನಿಜ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಗಂಟಿಕ್ಕಿತು.

"ಥೂ," ಎಂದ. "ನಾನ್ ಹೆಗ್ಲ್ ಬೇರೆ ತಟ್ಟಿದ್ನಾ?"

"ತಟ್ಟಿದ್ದೆ."

"ಅದ್ರ ನಂಬರ್ ಇತ್ತಾ?"

ಕಾಗದದ ಚೂರು ಕೊಟ್ಟೆ. ಇನ್ನೂ ಮೀನಿನ ವಾಸನೆಯಿತ್ತು. ಅವನು ಕಣ್ಣು ಕಿರಿದು ಮಾಡಿ ಒಂದೊಂದೇ ಅಂಕಿ ಒತ್ತಿದ. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಯೇ ಮಾತಾಡುವುದು ಅವನ ರೂಢಿ. ಆ ಬದಿಯಲ್ಲಿ ಎರಡು ಸಲ ರಿಂಗಾಗಿ "ಹಲೋ, ಯಾರ್?" ಎಂದು ಅವಳ ಸ್ವರ ದೋಣಿಯಡಿಯಲ್ಲಿ ದೊಡ್ಡದಾಗಿ ಕೇಳಿತು.

ಬೀಡಾ ಅಂಗಡಿಯ ಮರೆಯಲ್ಲಿ ನಿಂತು ಅವಳ ಮಾತು ಕೇಳಲು ಕಿವಿಗೊಟ್ಟವನು ನಾನು. ಎಳನೀರನ್ನು ಹಲಗೆಯ ಮೇಲಿಟ್ಟು ಎದ್ದೆ. ದೋಣಿಯನ್ನು ಸುತ್ತು ಹಾಕಿ, ಮರ ಕೊಯ್ಯುವ ಯಂತ್ರದ ಸದ್ದಿನಲ್ಲಿ ಬೇರೇನೂ ಕೇಳಿಸದಷ್ಟು ದೂರ, ನೀರಿನ ಅಂಚಿಗೆ ಹೋಗಿ ನಿಂತೆ. ಮಾತು ಬೇಗ ಮುಗಿಯಲಿಲ್ಲ. ಒಂದು ಸಲ ತಿರುಗಿ ನೋಡಬೇಕೆನಿಸಿತು, ಅವನ ಮುಖದಿಂದ ಅವಳ ಮಾತನ್ನು ಓದಬಹುದಿತ್ತು. ನೋಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಗೆಳೆಯ ಬಂದು ಪಕ್ಕದಲ್ಲಿ ನಿಂತ. ಕಾಗದದ ಚೂರನ್ನು ನನಗೆ ಹಿಂದಕ್ಕೆ ಕೊಟ್ಟ. ಅವಳು ಏನೆಂದಳೆಂದು ನಾನು ಕೇಳಲಿಲ್ಲ.